ಚೀಲ ಹಿಡಿಯುವವನು

ನಮ್ಮ ಕಡಲತೀರ ಸ್ವಚ್ಛತೆಯ ತಂಡದಲ್ಲಿ ಕೆಲಸವೆಲ್ಲ ಜೋಡಿಯಾಗಿ. ಒಬ್ಬರು ಚೀಲದ ಬಾಯಿ ಅಗಲಿಸಿ ಹಿಡಿಯಬೇಕು, ಇನ್ನೊಬ್ಬರು ಕಸ ಹೆಕ್ಕಿ ಹಾಕಬೇಕು. ಅರ್ಧ ದಾರಿಯಲ್ಲಿ ಇಬ್ಬರೂ ಕೆಲಸ ಬದಲಿಸಿಕೊಳ್ಳುವುದು ವಾಡಿಕೆ. ಬಗ್ಗಿ ಬಗ್ಗಿ ಒಬ್ಬರ ಸೊಂಟವೇ ಬಿದ್ದುಹೋಗಬಾರದಲ್ಲ.

ಬೀಗ ರಿಪೇರಿಯವನು ಮಾತ್ರ ಬದಲಿಸಿಕೊಳ್ಳುತ್ತಿರಲಿಲ್ಲ. ಎರಡು ತಿಂಗಳಿಂದ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲೇ ಬರುತ್ತಾನೆ, ಚೀಲ ಹಿಡಿದು ನಿಲ್ಲುತ್ತಾನೆ, ಒಂದು ಬಾಟಲಿ ಮುಚ್ಚಳವನ್ನೂ ಎತ್ತುವುದಿಲ್ಲ. ಶುದ್ಧ ಮೈಗಳ್ಳ ಎಂದುಕೊಂಡಿದ್ದೆ. ಮೊನ್ನೆ ತಡೆಯಲಾರದೆ ಎಲ್ಲರೆದುರೇ ಕೇಳಿಬಿಟ್ಟೆ: "ಏನಣ್ಣಾ, ಬಗ್ಗಿದ್ರೆ ಸೊಂಟ ಸವೆದುಹೋಗುತ್ತಾ?"

ಅವನು ಚೀಲ ಬಿಡಲಿಲ್ಲ. "ನನ್ ಮಗಳು ಇಲ್ಲಿಗೆ ಬರ್ತಿದ್ಲಮ್ಮಾ. ಹಳದಿ ಟೋಪಿ."

ಒಂಬತ್ತು ವರ್ಷದ ಆ ಪೋರಿ ನನಗೆ ಚೆನ್ನಾಗಿ ನೆನಪಿದ್ದಳು. "ಇವತ್ತು ನಮ್ಮಪ್ಪ ಬರ್ತಾರೆ" ಎಂದು ಯಾರನ್ನೂ ಜೊತೆಗೆ ಸೇರಿಸಿಕೊಳ್ಳದೆ, ಚೀಲದ ಬಾಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಬ್ಬಳೇ ತುಂಬುತ್ತಿದ್ದಳು. ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಆ ಅಪ್ಪ ಇವನೇ ಎಂದು ನನಗೆ ತಿಳಿದಿರಲಿಲ್ಲ.

"ಪ್ರತಿ ವಾರ ಕರೀತಿದ್ಲು. 'ನೀನೇನೂ ಹೆಕ್ಕೋದು ಬೇಡಪ್ಪಾ, ಚೀಲ ಹಿಡ್ಕೊಂಡು ನಿಂತ್ಕೋ, ಸಾಕು' ಅಂತ. ಸಮುದ್ರ ಗುಡಿಸೋಕೆ ನಿಂಗೇನು ಹುಚ್ಚಾ ಅಂತ ಬೈದು ಮಗ್ಗುಲು ಬದಲಿಸ್ತಿದ್ದೆ."

ನನ್ನ ಬಾಯಿಗೆ ಮಣ್ಣು ಬೀಳಲಿ. ಕೈಗವಸು ಹಾಕಿಕೊಂಡು ನಾನೇ ಅವನಿಗೆ ಜೋಡಿಯಾದೆ. ಚೀಲವನ್ನು ತೀರಾ ಕೆಳಗೆ, ಮೊಣಕಾಲಿನ ಹತ್ತಿರ ಹಿಡಿದಿದ್ದ. "ಸ್ವಲ್ಪ ಎತ್ತಣ್ಣಾ" ಎನ್ನಲು ಹೋದವಳು ಸುಮ್ಮನಾದೆ. ಆ ಹುಡುಗಿಯ ಎತ್ತರಕ್ಕೆ ಅದು ಸರಿಯಾಗಿತ್ತು.