ಬಾಳೆಕಂದಿನ ಅಳತೆ

ಏನೇನು ಕೆಡಬಹುದು ಎಂಬ ಪಟ್ಟಿ ನನ್ನ ಬಳಿ ಸದಾ ತಯಾರು. ಸರೋಜಮ್ಮನವರ ರಿಟ್ ಅರ್ಜಿಗೆ ನಾನು ಸಹಿ ಹಾಕುವುದನ್ನೇ ಮರೆಯಬಹುದಿತ್ತು. ಹೈಕೋರ್ಟಿಗೆ ಹೊರಟ ರೈಲು ಮದ್ದೂರಿನಲ್ಲಿ ನಿಂತುಬಿಡಬಹುದಿತ್ತು. ಎಲ್ಲೋ ಹೊರದೇಶದಲ್ಲಾದ ಒಡಂಬಡಿಕೆಗೂ ಒಂಟಿಕೊಪ್ಪಲಿನ ಮೆಟ್ಟಿಲಿಗೂ ಏನ್ರೀ ಸಂಬಂಧ ಎಂದು ನ್ಯಾಯಮೂರ್ತಿಗಳು ಕೇಳಬಹುದಿತ್ತು. ಗೆದ್ದಮೇಲೂ ರ‍್ಯಾಂಪು ಕಡಿದಾಗಿ, ಆಕೆ ಹಿಂದಕ್ಕೆ ಜಾರಬಹುದಿತ್ತು.

ಇವತ್ತು ದೇವರಾಜ ಮೊಹಲ್ಲಾದಲ್ಲಿ ಆಯುಧಪೂಜೆಗೆಂದು ಒಂದು ಜೊತೆ ಬಾಳೆಕಂದು ಕೊಂಡು ಸ್ಕೂಟರಿಗೆ ಕಟ್ಟುವಾಗ, ಅದರ ಹಸಿ ವಾಸನೆಗೆ ಇದೆಲ್ಲ ನೆನಪಾಯಿತು. ನಗಬೇಡಿ; ನಮಗೆ ಚಿಂತೆಯೆಂಬುದು ಕರಿಕೋಟಿನ ಜೊತೆಗೇ ಬರುತ್ತದೆ.

ಸರೋಜಮ್ಮ ಗಣಿತದ ಟೀಚರಾಗಿ ನಿವೃತ್ತರಾದವರು, ಗಾಲಿಕುರ್ಚಿಯಲ್ಲಿ ಓಡಾಡುವವರು. ನಮ್ಮ ಬಡಾವಣೆ ಒಂಟಿಕೊಪ್ಪಲಿನ ಸರ್ಕಾರಿ ಕಚೇರಿಯೊಂದಕ್ಕೆ ಐದು ಮೆಟ್ಟಿಲು. ಗುಮಾಸ್ತರು ತಾವೇ ಇಳಿದುಬಂದು, ಬೀದಿಯಲ್ಲೇ ಅವರ ಸಹಿ ಹಾಕಿಸಿಕೊಳ್ಳುತ್ತಿದ್ದರು, ಬಹಳ ಮರ್ಯಾದೆಯಿಂದ.

"ನಾವೇ ಬರ್ತೀವಲ್ಲಮ್ಮ, ಇನ್ನೇನು ಬೇಕು?"

"ಒಳಗ್ ಬಂದು, ಎಲ್ಲರ ಥರ ಕ್ಯೂನಲ್ಲಿ ಕಾದು, ನಿಮ್ಮನ್ನ ಬೈಕೊಂಡು ಹೋಗ್ಬೇಕು ಕಣಪ್ಪ."

ಇಡೀ ಮೊಕದ್ದಮೆ ಆ ಮಾತಿನಲ್ಲೇ ಇತ್ತು; ಅದನ್ನು ನಲವತ್ತು ಪುಟಕ್ಕೆ ಎಳೆದದ್ದಷ್ಟೇ ನನ್ನ ಸಾಧನೆ. ವಿಕಲಚೇತನರೂ ಎಲ್ಲರಿಗೆ ಸಮನಾಗಿ ಎಲ್ಲೆಡೆ ಹೋಗಿಬರುವಂತಿರಬೇಕು ಎಂಬ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ನಮ್ಮ ದೇಶ ಒಪ್ಪಿಕೊಂಡಿದೆ. ಒಪ್ಪಿದ ಮಾತ್ರಕ್ಕೆ ಅದು ಇಲ್ಲಿಯ ಕಾನೂನಾಗದು. ಒಳಗೆ ಬರಲು ಅದಕ್ಕೂ ಒಂದು ಬಾಗಿಲು ಬೇಕು. ಸಂವಿಧಾನದ ಸಮಾನತೆ, ಘನತೆಯಿಂದ ಬಾಳುವ ಹಕ್ಕು, ಇವೇ ಆ ಬಾಗಿಲು ಎಂದು ವಾದಿಸಿದೆ. ನ್ಯಾಯಮೂರ್ತಿಗಳು ಎದುರು ವಕೀಲರತ್ತ ತಿರುಗಿ, "ಹೊರಗೆ ಕೊಟ್ಟ ಮಾತು ಮನೆಯೊಳಗೂ ನಡೀಬೇಕಲ್ಲವಾ?" ಎಂದರು.

ರ‍್ಯಾಂಪು ಬಂತು. ಅದರ ಇಳಿಜಾರನ್ನು ನಾನು ಮೂರು ಸಲ ಅಳೆದೆ. ಆರಂಭದ ದಿನ ಬೋಳುಬೋಳಾಗಿ ಕಂಡಿತೆಂದು ನಾನೇ ಎರಡು ದಪ್ಪನೆಯ ಬಾಳೆಕಂದು ತಂದು, ಮೇಲ್ತುದಿಯಲ್ಲಿ ಎರಡೂ ಬದಿಯ ಕಂಬಿಗೆ ಕಟ್ಟಿದೆ. ಸರೋಜಮ್ಮ ಸಲೀಸಾಗಿ ಏರಿದರು. ಬಾಗಿಲ ಬಳಿ ಗಾಲಿಕುರ್ಚಿ ಕಂದುಗಳ ನಡುವೆ ಸಿಕ್ಕಿಕೊಂಡಿತು.

"ಏನ್ ವಕೀಲರೇ, ಸಂವಿಧಾನ ಒಳಕ್ ಬುಟ್ರೂ ನಿಮ್ ಬಾಳೆಕಂದು ಬುಡ್ತಿಲ್ವಲ್ರೀ," ಎಂದರು ಸರೋಜಮ್ಮ.

ಹಗ್ಗ ಕೊಯ್ದದ್ದು ಆ ಗುಮಾಸ್ತರೇ. ಸರೋಜಮ್ಮ ಮುಕ್ಕಾಲು ಗಂಟೆ ಕ್ಯೂನಲ್ಲಿ ಕಾದು, ಮನಸಾರೆ ಬೈದು, ನಗುತ್ತ ಹೊರಬಂದರು.

ಇವತ್ತು ಅವರನ್ನು ಊಟಕ್ಕೆ ಕರೆದಿದ್ದೇವೆ. ಕಂದು ಕಟ್ಟುವ ಮೊದಲು ಟೇಪು ಹಿಡಿದು ಬಾಗಿಲು ಅಳೆಯುತ್ತಿದ್ದೆ.

"ಬಾಗಿಲು ಸರಿ ಕಣ್ರೀ," ಅಂದಳು ಹೆಂಡತಿ. "ಮೆಟ್ಟಿಲು?"

ನಮ್ಮ ಮನೆಗೆ ಮೂರು ಮೆಟ್ಟಿಲು. ಮೊಕದ್ದಮೆ ನಡೆದ ಅಷ್ಟೂ ವರ್ಷ ಸರೋಜಮ್ಮ ಕಾಗದಪತ್ರ ತಂದಾಗಲೆಲ್ಲ ನಾವು ಗೇಟಿಗೇ ಇಳಿದುಹೋಗಿ ಕಾಫಿ ಕೊಟ್ಟಿದ್ದೆವು, ಬಹಳ ಮರ್ಯಾದೆಯಿಂದ.

ಪಕ್ಕದ ಬೀದಿಯ ಬಡಗಿಯಿಂದ ಉದ್ದನೆಯ ಹಲಗೆ ತಂದು ಹಾಸಿ, ಮೇಲೆ ಹತ್ತಿ ಇಳಿದು ನೋಡಿದ್ದೇನೆ. ಕಂದುಗಳನ್ನು ಬಾಗಿಲು ಬಿಟ್ಟು ದೂರದ ಕಿಟಕಿಗೆ ಕಟ್ಟಿದ್ದಾಗಿದೆ. ಕಾಫಿ ಲೋಟ, ಇದೇ ಮೊದಲ ಸಲ, ನಡುಮನೆಯ ಮೇಜಿನ ಮೇಲೆ ಕಾಯುತ್ತಿದೆ.