ಪಟ್ಟಿಯಲ್ಲಿ ಮಾದಿ ಸತ್ತದ್ದು

ಮಿರ್ಜಾನದ ಮಾದಿ ಸತ್ತುಹೋಗಿದ್ದಾಳೆ ಎಂಬ ಸುದ್ದಿಯನ್ನು ಮೊದಲು ಕೇಳಿದವಳು ಮಾದಿಯೇ. ಅವತ್ತು ಪಂಚಾಯತಿ ಓಟು. ಶಾಲೆಯ ಕೋಣೆಯಲ್ಲಿ ಪಟ್ಟಿ ಹಿಡಿದು ಕೂತ ನೌಕರ ಅವಳ ಕಾರ್ಡು ನೋಡಿದ, ಪಟ್ಟಿ ನೋಡಿದ, ಮತ್ತೆ ಕಾರ್ಡು ನೋಡಿದ.

"ಅಮ್ಮ, ಇದ್ರಲ್ಲಿ ನೀವು ತೀರಿಹೋಗಿದ್ದೀರಿ."

"ನಾನಾ?"

"ಹೆಸ್ರು ಹೊಡ್ದು ಹಾಕಿದ್ದಾರೆ. ಮೃತ ಅಂತ ಉಂಟು."

ಹಿಂದೆ ನಿಂತಿದ್ದ ಪಕ್ಕದ ಮನೆಯ ನಾಗು ಬಾಯಿಗೆ ಸೆರಗು ಹಿಡಿದಳು. "ಬೆಳಿಗ್ಗೆ ನನ್ ಹತ್ರ ಉಪ್ಪು ಇಸ್ಕಂಡು ಹೋದದ್ದು ಯಾರು ಹಂಗಾರೆ? ದೆವ್ವನಾ?"

ಸಾಲಿನವರು ನಕ್ಕರು. ಮಾದಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸತ್ತದ್ದು ಗಂಡ. ಚೌತಿ ಕಳೆದ ಮರುವಾರ ಗದ್ದೆಯಿಂದ ಬಂದು, ಎದೆ ಹಿಡಿದ ಹಾಗೆ ಆಗ್ತದೆ ಎಂದು ಜಗುಲಿಯಲ್ಲಿ ಮಲಗಿದವನು ಏಳಲಿಲ್ಲ. ಅದಾಗಿ ಮೂರು ತಿಂಗಳು.

"ನಮ್ಮನೆಯವ್ರದ್ದು ಎಂತ ಉಂಟು ನೋಡಿ," ಎಂದಳು.

"ಹೆಸ್ರು ಹೇಳಿ."

ಮಾದಿ ಬಾಯಿ ಬಿಡಲಿಲ್ಲ. ನಾಗು ಮುಂದೆ ಬಂದು ಹೇಳಿದಳು. ನೌಕರ ಪಟ್ಟಿಯ ಮೇಲೆ ಪೆನ್ನು ಜಾರಿಸಿದ. "ಇವ್ರದ್ದು ಆಗಿದೆ. ಬೆಳಿಗ್ಗೆನೇ ಓಟು ಹಾಕಿ ಹೋಗಿದ್ದಾರೆ. ಗುರುತು ಇದೆ ನೋಡಿ."

ಮಾದಿ ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಬಂದಿದ್ರಾ?"

ಈಗ ಯಾರೂ ನಗಲಿಲ್ಲ.

ಹೊರಗೆ ಶ್ರೀಧರ ನಿಂತಿದ್ದ. ಓಟಿಗೆ ನಿಂತ ಇಬ್ಬರಲ್ಲಿ ಒಬ್ಬ. ಕೊಪ್ಪ ಎನ್ನುವ ಮಾದಿಯ ಕೇರಿಯ ಹದಿನೆಂಟು ಮನೆಯವರು ಅವನ ಕಡೆ ಎಂದು ಊರಿಗೆಲ್ಲ ಗೊತ್ತು. ಆ ಹದಿನೆಂಟು ಮನೆಯಲ್ಲಿ ಒಂಬತ್ತು ಹೆಸರು ಹಾರಿಹೋಗಿದ್ದವು.

"ಕೂಗು ಮಾದಿ! ಗಲಾಟೆ ಮಾಡು. ನಾನು ಟಿವಿಯವ್ರಿಗೆ ಫೋನ್ ಮಾಡ್ತೆ."

"ಕೂಗಿದ್ರೆ ನನ್ನ ಹೆಸ್ರು ಬತ್ತದಾ?"

"ಹೆಸ್ರು ಬರೂದಿಲ್ಲ, ಆದ್ರೂ..."

"ಹಂಗಾರೆ ನಾ ಇಲ್ಲೇ ಕೂತ್ಕಣ್ತೆ."

ಕೂತಳು. ಶಾಲೆಯ ಮೆಟ್ಟಿಲ ಮೇಲೆ, ಕಾರ್ಡು ಹಿಡಿದುಕೊಂಡು. ತಾಸಿಗೊಮ್ಮೆ ಎದ್ದು ಒಳಗೆ ಹೋಗಿ ಕಾರ್ಡು ತೋರಿಸುವಳು, ಇಲ್ಲ ಎಂದರೆ ಬಂದು ಕೂರುವಳು. ಧೈರ್ಯದಿಂದ ಮಾಡಿದ್ದಲ್ಲ. ಮನೆಗೆ ಹೋದರೆ ಮಾಡುವುದೇನು ಎಂದು ತೋಚಿರಲಿಲ್ಲ. ಐದು ಗಂಟೆಗೆ ಬಾಗಿಲು ಹಾಕುವ ಮೊದಲು ದೊಡ್ಡ ನೌಕರನಿಗೇ ಒಂಥರಾ ಆಯಿತು. ಇಂಥವರು ಬಂದಿದ್ದರು, ಐದು ಸಲ ಕೇಳಿದರು, ಓಟು ಕೊಡಲಾಗಲಿಲ್ಲ ಎಂದು ಒಂದು ಕಾಗದ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದು ಪ್ರತಿ ಅವಳಿಗೂ ಕೊಟ್ಟ. ಅವಳು ಅದನ್ನು ಮಡಚಿ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು.

ಶ್ರೀಧರ ಒಂದೇ ಓಟಿನಲ್ಲಿ ಸೋತ. ಗೆದ್ದವನು ಗುರುದತ್ತ. ಹದಿನೈದು ದಿನದಲ್ಲಿ ಶ್ರೀಧರ ಕುಮಟಾ ಕೋರ್ಟಿನಲ್ಲಿ ಕೇಸು ಹಾಕಿದ. ಮಾದಿ ಸಾಕ್ಷಿ.

ತಪ್ಪು ಆದದ್ದು ಹೀಗೆ. ಓಟಿಗೆ ಮೊದಲು ಗುರುದತ್ತನ ಕಡೆಯವರು ಒಂದು ಕಟ್ಟು ಅರ್ಜಿ ಕೊಟ್ಟಿದ್ದರು. ಕೊಪ್ಪದಲ್ಲಿ ಇಂಥಿಂಥವರು ಊರಲ್ಲಿಲ್ಲ, ಇಂಥಿಂಥವರು ಸತ್ತಿದ್ದಾರೆ, ಹೆಸರು ತೆಗೆಯಿರಿ ಎಂದು. ಮನೆಮನೆಗೆ ಹೋಗಿ ನೋಡುವ ಕೆಲಸ ಅಂಗನವಾಡಿಯ ವೀಣಾ ಅಕ್ಕೋರಿಗೆ ಬಿತ್ತು. ಕೊಟ್ಟದ್ದು ಮೂರು ದಿನ. ದುಡಿಯಲು ಹೋದವರ ಮನೆಗೆ ಬೀಗ ಇತ್ತು. ಊರಲ್ಲಿಲ್ಲ ಎಂದು ಬರೆದುಕೊಂಡರು.

ಮಾದಿಯ ಜಗುಲಿಗೆ ಬಂದಾಗ ಮಳೆ ಸುರಿಯುತ್ತಿತ್ತು. "ಮಾದಿ, ಈ ಮನೇಲಿ ತೀರಿಕೊಂಡವ್ರ ಹೆಸ್ರು ಹೇಳು."

ಮಾದಿ ಗಂಡನ ಹೆಸರು ಹೇಳುವವಳಲ್ಲ. ಅವಳ ಅಬ್ಬೆ ಹೇಳಲಿಲ್ಲ, ಅತ್ತೆ ಹೇಳಲಿಲ್ಲ. ಗಂಡನಿಗೆ ಧಾರೇಶ್ವರದ ದೇವರದ್ದೇ ಒಂದು ಹೆಸರು ಇಟ್ಟಿದ್ದರಿಂದ ಅವಳು ನಲವತ್ತು ವರ್ಷ ಆ ದೇವರನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಗುಡಿಯ ಒಡ್ಯ ಎಂದೇ ಕೈಮುಗಿಯುತ್ತಿದ್ದಳು. ಗಂಡ ಸತ್ತ ಮೇಲೆ ಹೇಳಬಹುದೋ ಏನೋ, ಯಾರನ್ನು ಕೇಳುವುದು?

"ಆತು, ಬೆರಳಾದ್ರೂ ಇಟ್ಟು ತೋರ್ಸು," ಎಂದು ಅಕ್ಕೋರು ಪಟ್ಟಿ ಹಿಡಿದರು. ಹಾಳೆಯ ತುಂಬ ಚೌಕ, ಚೌಕಕ್ಕೊಂದು ಮಸುಕು ಫೋಟೋ. ಮಾದಿ ಗಂಡನ ಮುಖ ಗುರುತಿಸಿದಳು. ಮುಖದ ಮೇಲೆ ಬೆರಳಿಡಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಇಟ್ಟಳು.

ಪಕ್ಕದ ಚೌಕ ಅವಳದ್ದು. ಅಕ್ಕೋರು ಅವಸರದಲ್ಲಿ ಫೋಟೋ ನೋಡದೆ ನಂಬರು ಬರೆದುಕೊಂಡು ಕೊಡೆ ಬಿಡಿಸಿ ನಡೆದರು.

ಕೋರ್ಟಿನ ತಾರೀಕು ಹತ್ತಿರ ಬಂದಾಗ ಎಲ್ಲರೂ ಬಂದರು. ಶ್ರೀಧರ ಬಂದು, "ಬೇಕಂತಲೇ ನನ್ನ ಹೆಸ್ರು ತೆಗ್ದ್ರು ಅಂತ ಹೇಳು" ಎಂದ. ಗುರುದತ್ತ ಬಂದು, "ನಾ ಬೆರಳೇ ಇಡ್ಲಿಲ್ಲ, ಎಲ್ಲ ಅಕ್ಕೋರ ತಪ್ಪು ಅಂತ ಹೇಳು. ನಿಂಗೇನೂ ಆಗೂದಿಲ್ಲ" ಎಂದ. ಕೊನೆಗೆ ಅಕ್ಕೋರು ಬಂದರು. ಅವರ ಕೆಲಸ ಹೋಗಬಹುದು ಎಂದು ಊರೇ ಹೇಳುತ್ತಿತ್ತು. ಜಗುಲಿಯಲ್ಲಿ ಕೂತು ಮಾದಿಯ ಜೊತೆ ಹರಿವೆ ಸೊಪ್ಪನ್ನು ಬಾಳೆನಾರಿನಲ್ಲಿ ಕಟ್ಟು ಕಟ್ಟಿದರು.

"ಅಕ್ಕೋರೇ, ನಾ ಎಂತ ಹೇಳೂದು?"

"ಆದದ್ದು ಹೇಳು."

"ನನ್ನ ಹೆಸ್ರು ಬರ್ಬೇಕು ಅಂದ್ರೆ ನಮ್ಮನೆಯವ್ರದ್ದು ಹೋಗ್ಬೇಕಾ?"

ಅಕ್ಕೋರು ನಾರು ಬಿಗಿದರು. "ಹೌದು ಮಾರಾಯ್ತಿ. ಹೋಗ್ಬೇಕು."

ಮಾದಿಗೆ ಅಲ್ಲೇ ಗೊಂದಲ ಹತ್ತಿತು. ಗಂಡ ಮನೆಯಲ್ಲಿ ಇಲ್ಲ, ಗದ್ದೆಯಲ್ಲಿ ಇಲ್ಲ. ಒಂದು ಹಾಳೆಯಲ್ಲಿ ಮಾತ್ರ ಇದ್ದಾನೆ. ಅಲ್ಲಿ ಓಟೂ ಹಾಕಿದ್ದಾನೆ. ತಾನು ಸತ್ತವಳಾಗಿಯೇ ಇದ್ದರೆ ಯಾರಿಗೆ ನಷ್ಟ? ಆದರೆ ಓಟಿನ ಚೀಟಿ ಮಡಚಿ ಡಬ್ಬಿಗೆ ಹಾಕುವಾಗ ಸಾಹುಕಾರನೂ ತಾನೂ ಒಂದೇ ಸಾಲು. ಅದನ್ನು ಬಿಡಲೂ ಮನಸ್ಸಿಲ್ಲ. ಒಂದು ದಿನ ಹೀಗೆ, ಒಂದು ದಿನ ಹಾಗೆ ಅನಿಸಿತು.

ಕುಮಟಾ ಕೋರ್ಟಿಗೆ ನಾಗುವನ್ನು ಕರೆದುಕೊಂಡು ಹೋದಳು. ಕಟಕಟೆಯಲ್ಲಿ ನಿಂತು ಆದದ್ದು ಆದ ಹಾಗೆ ಹೇಳಿದಳು. ಸಂಚಿಯಿಂದ ಕಾಗದ ತೆಗೆದು ಕೊಟ್ಟಳು.

"ಬೆರಳು ನಾನೇ ಇಟ್ಟದ್ದು ಒಡ್ಯ. ಮುಖದ ಮೇಲೆ ಇಡ್ಲಿಲ್ಲ, ಬದಿಗೆ ಇಟ್ಟೆ. ಅಕ್ಕೋರು ನಾ ತೋರ್ಸಿದ್ದು ಬರ್ದ್ರು. ಉಳಿದ ಎಂಟು ಜನದ್ದು ನಂಗೆ ಗೊತ್ತಿಲ್ಲ. ಅವ್ರೆಲ್ಲ ಬದುಕಿದ್ದಾರೆ, ಅಷ್ಟು ಗೊತ್ತು."

ಗುರುದತ್ತನ ವಕೀಲ ಎದ್ದ. "ಸತ್ತದ್ದು ಯಾರು? ಹೆಸರು ಹೇಳಮ್ಮ."

"ನಮ್ಮನೆಯವ್ರು."

"ಹೆಸರು."

ಮಾದಿ ನಾಗುವಿನ ಕಡೆ ನೋಡಿದಳು. ನಾಗು ಬಾಯಿ ತೆರೆದಳು. ಜಡ್ಜು ಕೈ ಎತ್ತಿದರು. "ಸಾಕ್ಷಿಯೇ ಹೇಳಬೇಕು. ಅವಸರ ಇಲ್ಲ ಅಮ್ಮ, ನಿಧಾನ ಹೇಳಿ."

ವಕೀಲ ಗಡಿಯಾರ ನೋಡಿದ. ಮಾದಿ ಕಟಕಟೆಯ ಮರ ಹಿಡಿದುಕೊಂಡಳು.

"ಹೇಳಿದ್ರೆ ಹೆಸ್ರು ಹೊಡ್ದು ಹಾಕ್ತ್ರಾ ಒಡ್ಯ?"

"ಸತ್ತವರ ಹೆಸರು ಪಟ್ಟಿಯಲ್ಲಿ ಇರುವ ಹಾಗಿಲ್ಲಮ್ಮ."

"ಮಾದೇವ," ಎಂದಳು.

"ಕೇಳಿಸಲಿಲ್ಲ," ಎಂದಳು ಟೈಪು ಮಾಡುವವಳು.

"ಮಾದೇವ. ಮಾದೇವ ಬೊಮ್ಮ ಗೌಡ. ಚೌತಿ ಮುಗಿದ ಮೇಲೆ ಸತ್ತ್ರು."

ಟಕಟಕ ಶಬ್ದವಾಯಿತು. ಅಷ್ಟೇ. ಮುಂದಿನ ತಾರೀಕು ಕೊಟ್ಟರು.

ಹೊರಗೆ ನಾಗು ಕೇಳಿದಳು, "ಯಾರು ಗೆದ್ದ್ರೇ?"

"ನಂಗೆಂತ ಗೊತ್ತು. ಬಸ್ಸು ಬಂತು, ಹತ್ತು."

ಹೊಸ ಪಟ್ಟಿ ಬರುವಾಗ ಮತ್ತೆ ಮಳೆಗಾಲ. ಅಕ್ಕೋರ ಕೆಲಸ ಉಳಿದಿತ್ತು. ಕೇಸು ಮುಗಿದಿರಲಿಲ್ಲ. ಒಂಬತ್ತೂ ಹೆಸರು ಮರಳಿದ್ದವು. ಅಕ್ಕೋರು ಜಗುಲಿಯಲ್ಲಿ ಕೂತು ಮಾದಿಯ ಬೆರಳು ಹಿಡಿದು ಚೌಕದ ಮೇಲೆ ಇಟ್ಟರು. "ಇದು ನೀನು. ಸರಿಯಾಗಿ ನೋಡ್ಕೋ."

"ಇದ್ರ ಬದಿಗೆ?"

"ಬದಿಗೆ ನಾಗು."

"ನಾಗುನಾ!" ಮಾದಿ ಸ್ವಲ್ಪ ಹೊತ್ತು ಹಾಳೆ ನೋಡಿದಳು. "ಅಕ್ಕೋರೇ, ಅವತ್ತು ನಮ್ಮನೆಯವ್ರ ಹೆಸ್ರಲ್ಲಿ ಯಾರೋ ಓಟು ಹಾಕಿದ್ರಲ್ಲ. ಅದು ಯಾರು ಅಂತ ಸಿಕ್ಕಿತಾ?"

"ಇಲ್ಲ. ಅದೂ ಕೋರ್ಟಲ್ಲೇ ಉಂಟು."

"ಯಾರಿಗೆ ಹಾಕಿದ್ರಂತೆ?"

"ಅದು ಗುಟ್ಟು ಮಾದಿ. ಯಾರಿಗೂ ಗೊತ್ತಾಗೂದಿಲ್ಲ."

ಮಾದಿ ತಲೆಯಾಡಿಸಿದಳು. ಪ್ರತಿ ಓಟಿಗೂ ಶಾಲೆಯಿಂದ ಮನೆಯವರೆಗೆ ಗಂಡನನ್ನು ಕೇಳುತ್ತಲೇ ಬರುತ್ತಿದ್ದಳು, ಯಾರಿಗೆ ಹಾಕಿದ್ರಿ, ಯಾರಿಗೆ ಹಾಕಿದ್ರಿ ಎಂದು. ಅವನು ಮುಂದೆ ಮುಂದೆ ನಡೆಯುತ್ತಿದ್ದ.

"ಇದ್ದಾಗ್ಲೂ ಹೇಳ್ಲಿಲ್ಲ," ಎಂದಳು.