ಬರಿಗೈ ಬೊಂಬೆ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಟೇಪಣ್ಣ ಅಂತಲೇ ಕರೀತಿದ್ದರು. ಅಳತೆ ಟೇಪು ಜೇಬಲ್ಲಿಲ್ಲದೆ ಹೊಸಿಲು ದಾಟಿದ ಆಸಾಮಿಯೇ ಅಲ್ಲ. ಯಾವ ಯಂತ್ರ ಎಲ್ಲಿ ಕೂರಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಅಂತ ನಕ್ಷೆ ಹಾಕೋದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಮೊದಲೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯಂತ್ರದಷ್ಟೇ ದೊಡ್ಡ ಗೀಟು ಎಳೆದು, ಅಲ್ಲಿ ದುಡಿಯೋರನ್ನೇ ಕರೆದು ನಿಲ್ಲಿಸಿ, "ಬಗ್ಗಿ ನೋಡು, ತಿರುಗಿ ನೋಡು" ಅನ್ನುತ್ತಿದ್ದ. ಯಾರಾದರೂ ಗೀಟು ತುಳಿದರೆ ಅಳಿಸಿ ಮತ್ತೆ ಎಳೆಯುತ್ತಿದ್ದ.

ಕಂಪ್ಯೂಟರ್ ಬಂತು, ಸೀಮೆಸುಣ್ಣ ಮೂಲೆ ಸೇರಿತು. ಪರದೆಯ ಮೇಲೆ ಯಂತ್ರಗಳೆಲ್ಲ ಹಳದಿ ಪೆಟ್ಟಿಗೆ, ಮನುಷ್ಯ ಅಂದರೆ ಒಂದು ನೀಲಿ ಬೊಂಬೆ. ಬೊಂಬೆ ಹಾಯುವಷ್ಟು ಜಾಗವಿದ್ದರೆ ದಾರಿ ಹಸಿರು, ಇಲ್ಲದಿದ್ದರೆ ಕೆಂಪು. ಬೊಂಬೆಯ ಅಗಲ ತುಂಬೋಕೆ ಒಂದು ಪುಟ್ಟ ಚೌಕ. ಟೇಪಣ್ಣ ಅದರಲ್ಲಿ ಅರವತ್ತು ಸೆಂಟಿಮೀಟರ್ ಅಂತ ಹಾಕಿದ್ದ.

ಎರಡು ವರ್ಷದ ಹಿಂದೆ ಮ್ಯಾನೇಜರ್ ಬೆನ್ನ ಹಿಂದೆ ನಿಂತು, ಪೆಪ್ಪರಮಿಂಟು ಚೀಪುತ್ತಾ, "ಈ ಶೆಡ್ಡಲ್ಲಿ ತಗಡು ಒತ್ತೋ ಪ್ರೆಸ್ ಇನ್ನೊಂದು ಕೂರಬೇಕು" ಅಂದ. ಕೂರಿಸಿದರೆ ದಾರಿಯೆಲ್ಲ ಕೆಂಪು.

"ಯಂತ್ರ ಸಣ್ಣ ಆಗಲ್ಲ. ಆ ಮನುಷ್ಯನ್ನ ಒಂಚೂರು ಸಣ್ಣ ಮಾಡಿ."

ಟೇಪಣ್ಣ ಅರವತ್ತು ಅಳಿಸಿ ನಲವತ್ತೈದು ಒತ್ತಿದ. ದಾರಿ ಹಸಿರಾಯಿತು. ಥೂ, ಎಷ್ಟು ಸಲೀಸು ನೋಡಿ. ಅನ್ನ ನೀರು ಬಿಡಿಸಬೇಕಾಗಿಲ್ಲ, ಗುಂಡಿ ಒತ್ತಿದರೆ ಮನುಷ್ಯ ಸೊರಗುತ್ತಾನೆ. ಮ್ಯಾನೇಜರಿಗೆ ಕಾರ್ಖಾನೆ ಯಜಮಾನರಿಂದ ಭೇಷ್ ಅನ್ನಿಸಿಕೊಂಡ ಸಂತೋಷ. ಹೊಸದಾಗಿ ಕಟ್ಟೋ ಶೆಡ್ಡಿಗೂ ನಲವತ್ತೈದೇ ಇರಲಿ ಅಂತ ಹುಕುಂ ಮಾಡಿದ.

ಹೋದ ವರ್ಷ ಕಾರ್ಖಾನೆಗೆ ಹೊಸದಾಗಿ ಸೇರಿದ ಟೇಪಣ್ಣನ ಅಕ್ಕನನ್ನು ಆ ಹಳೇ ಶೆಡ್ಡಿಗೆ ಹಾಕಿದರು. ತಮ್ಮ ಅಲ್ಲಿ ಕಂಪ್ಯೂಟರ್ ಮುಂದೆ ಕೂರ್ತಾನೆ ಅನ್ನೋದಷ್ಟೇ ಅವಳಿಗೆ ಗೊತ್ತಿತ್ತು. ಒಂದು ಭಾನುವಾರ ಅವಳ ಮನೆಗೆ ಹೋದಾಗ ಎಡತೋಳು ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ಕಂದಿ ಕಪ್ಪಾಗಿತ್ತು.

"ತಗಡಿನ ಚೂರು ತುಂಬಿದ ಬುಟ್ಟಿ ಹಿಡ್ಕೊಂಡು ಅಲ್ಲಿ ಅಡ್ಡಡ್ಡ ನಡೀಬೇಕು ಕಣೋ. ಪ್ರತಿ ಸಲಾನೂ ತೋಳು ಕಬ್ಬಿಣಕ್ಕೆ ಉಜ್ಜುತ್ತೆ. ಆ ಜಾಗ ಅಳೆದ ಮಹಾರಾಯ ಬರಿಗೈಲಿ ಓಡಾಡೋ ಹೆಂಗಸ್ರನ್ನ ಎಲ್ಲಿ ನೋಡಿದ್ನೋ. ಅಕ್ಕತಂಗೀರು ಇಲ್ದೋನಿರಬೇಕು, ಪಾಪ" ಅಂತ ನಕ್ಕಳು.

ಟೇಪಣ್ಣ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟ. ಮ್ಯಾನೇಜರ್ ಅಂದರೆ ಮೊದಲಿಂದಲೂ ಹೇಸಿಗೆ; ಈಗ ತನ್ನ ಬೆರಳು ನೋಡಿಕೊಂಡರೂ ಹೇಸಿಗೆಯಾಯಿತು. ನಲವತ್ತೈದರ ಮಾತು ಬಿಡಿ, ಅರವತ್ತು ಹಾಕಿದಾಗಲೂ ಬೊಂಬೆ ಬರಿಗೈಯಲ್ಲೇ ಇತ್ತಲ್ಲ. ಇಷ್ಟು ವರ್ಷ ಅಳೆದ ಘನಂದಾರಿ ಮನುಷ್ಯನಿಗೆ ಅದು ಹೊಳೆದಿರಲೇ ಇಲ್ಲ.

"ಅಳೆದಿದ್ದು ನಾನೇ ಅಕ್ಕ."

ಅಕ್ಕನ ನಗು ಇಳಿಯಿತು. ಒಳಗೆ ಹೋಗಿ ಬಟ್ಟೆ ಬುಟ್ಟಿ ತಂದು, ಸೊಂಟಕ್ಕೆ ಆನಿಸಿಕೊಂಡು ನಿಂತಳು. "ಅಲ್ಲೂ ಇಷ್ಟೇ ದೊಡ್ಡ ಬುಟ್ಟಿ. ಈಗ ಅಳೆ."

ಎಂಬತ್ನಾಲ್ಕು ಬಂತು. ಅವತ್ತು ಅಕ್ಕ ಅವನನ್ನು ಊಟಕ್ಕೆ ಏಳು ಅನ್ನಲಿಲ್ಲ.

ಸೋಮವಾರ ಹೊಸ ಶೆಡ್ಡಿನ ನಕ್ಷೆ ಯಜಮಾನರ ಮುಂದೆ ಹೋಗಬೇಕಿತ್ತು. ಟೇಪಣ್ಣ ಎಂಬತ್ನಾಲ್ಕು ಹಾಕಿದ. ಪರದೆ ತುಂಬ ಕೆಂಪು.

ಮ್ಯಾನೇಜರ್ ಪೆಪ್ಪರಮಿಂಟು ಚೀಪೋದು ನಿಲ್ಲಿಸಿದ. "ಏನ್ರೀ ಈ ಹೊಲಸು? ಎಂಬತ್ನಾಲ್ಕು ಯಾರ ಅಳತೆ?"

"ನಮ್ಮಕ್ಕಂದು ಸಾರ್. ಎರಡು ಯಂತ್ರ ಕಮ್ಮಿ ಮಾಡಿದ್ರೆ ಹಸಿರಾಗುತ್ತೆ."

"ನಲವತ್ತೈದು ಮಾಡಿ."

"ನೀವೇ ಒತ್ತಿ ಸಾರ್" ಅಂತ ಟೇಪಣ್ಣ ಕುರ್ಚಿ ಬಿಟ್ಟೆದ್ದ. "ಕೆಳಗೆ ನಕ್ಷೆ ಹಾಕಿದೋರ ಹೆಸರು ಕೇಳುತ್ತೆ. ಅಲ್ಲಿ ನಿಮ್ಮದು ಬರೀಬೇಕು."

ಮ್ಯಾನೇಜರನ ಕೈ ಕೀಲಿಮಣೆವರೆಗೂ ಬಂತು. ಹೆಸರಿನ ಚೌಕ ನೋಡಿ, ವಾಪಸ್ ಜೇಬು ಸೇರಿತು.

ಹೊಸ ಶೆಡ್ಡು ಎಂಬತ್ನಾಲ್ಕರಲ್ಲೇ ಎದ್ದಿತು. ಹಳೇ ಶೆಡ್ಡಿನ ಪ್ರೆಸ್ಸನ್ನು ಮಾತ್ರ ಯಾರೂ ಅಲ್ಲಾಡಿಸಲಿಲ್ಲ. ಆ ನಕ್ಷೆಯ ಕೆಳಗಿರೋದು ಟೇಪಣ್ಣನ ಹೆಸರೇ. ಅಕ್ಕ ಈಗಲೂ ಅಲ್ಲಿ ಅಡ್ಡಡ್ಡ ನಡೀತಾಳೆ.